ಅಲೆ ಹೇಗಿದೆ ಎಂದು ಅಣ್ಣ ಕೇಳಿದರೆ

ಟವೆಲ್ ಅಲುಗಾಡುತ್ತಿಲ್ಲ, ಎದುರು ಮನೆಯ ಮಹಡಿಯಲ್ಲಿ ಯಾರೋ ಒಳಗೆ ತರಲು ಮರೆತ ನೀಲಿ ಟವೆಲ್, ತಂತಿಗೆ ಅಂಟಿಸಿದ ಹಾಗೆ ನೇತಾಡುತ್ತಿದೆ, ಅಂದರೆ ಗಾಳಿ ಇನ್ನೂ ಎದ್ದಿಲ್ಲ, ಎದ್ದಿದ್ದರೂ ನೆಲದ ಕಡೆಯಿಂದ ಮೆಲ್ಲಗೆ ಕಡಲಿಗೆ ಹೋಗುತ್ತಿರಬೇಕು, ಆ ಗಾಳಿ ಮಹಡಿಗೆ ತಾಗುವುದಿಲ್ಲ, ಹಿಂದೆ ಗೋಡೆ ಅಡ್ಡ ಇದೆ — ಹೋದ ವರ್ಷದ ತನಕ ಅವಳಿಗೆ ಟವೆಲ್ ಅಂದರೆ ಟವೆಲ್ ಅಷ್ಟೇ, ಈಗ ಕಂಡದ್ದೆಲ್ಲ ಗಾಳಿಯ ಗುರುತು, ಬೇಕರಿಯ ಹೊಗೆ, ಮರದ ತುದಿ, ಬಸ್ ಸ್ಟಾಪಿನಲ್ಲಿ ನಿಂತವರ ಕೂದಲು, ಒಬ್ಬ ಹೆಂಗಸು ಇವಳು ತನ್ನನ್ನೇ ದಿಟ್ಟಿಸುತ್ತಿದ್ದಾಳೆಂದು ತಲೆ ಸವರಿಕೊಂಡಿದ್ದಳು ಪಾಪ. ಒಲೆಯ ಮೇಲೆ ನೀರು ಗುಂಯ್ ಅನ್ನತೊಡಗಿತು, ಕುದಿಯಲಿ, ಅವಳು ಫೋನ್ ತೆಗೆದು ಅಲೆಯ ಮುನ್ಸೂಚನೆ ನೋಡಿದಳು, ಕಣ್ಣು ಮೊದಲು ಅಲೆಯ ಎತ್ತರದ ಮೇಲೇ ಹೋಗುತ್ತದೆ, ಇನ್ನೂ ಹಾಗೇ, ಎತ್ತರ ಎಲ್ಲರೂ ನೋಡ್ತಾರೆ ಕಣೆ ಅನ್ನುತ್ತಾನೆ ಅಣ್ಣ, ನೀನು ಒಂದು ಅಲೆಗೂ ಇನ್ನೊಂದಕ್ಕೂ ನಡುವೆ ಎಷ್ಟು ಹೊತ್ತು ಅನ್ನೋದನ್ನ ನೋಡು, ಹೊತ್ತು ಜಾಸ್ತಿ ಇದ್ರೆ ಅದು ದೂರದಿಂದ ಬಂದ ಅಲೆ, ಎಲ್ಲೋ ಬಿರುಗಾಳಿ ಎದ್ದು, ಅಷ್ಟು ದೂರ ಸಾಗಿ ಬಂದಿರುತ್ತೆ, ನೋಡೋಕೆ ಸಾಧು, ಹೊಡೆತ ಬೇರೆ. ಇವತ್ತು ಆ ಹೊತ್ತಿನ ಅಂತರ ನಡುವಿನದು. ಸಾಧುವೂ ಅಲ್ಲ, ರಾಕ್ಷಸನೂ ಅಲ್ಲ. ಕಡಲಿನ ಭರತ ಬೆಳಿಗ್ಗೆಯಿಂದ ಇಳಿಯುತ್ತಾ ಬರುತ್ತದೆ, ನೀರು ಅರ್ಧ ಇಳಿದಾಗ ನೀರೊಳಗಿನ ಮರಳಿನ ದಿಬ್ಬದ ಮೇಲೆ ಅಲೆ ಚೆನ್ನಾಗಿ ಮುರಿಯುತ್ತದೆ, ಗಾಳಿ ತಿರುಗುವುದು ಮಧ್ಯಾಹ್ನದ ಹತ್ತಿರ. ಸರಿ ಹಾಗಾದರೆ. ಸರಿಯೇ? ಇನ್ನೊಮ್ಮೆ ನೋಡಿದಳು.

ಇದೆಲ್ಲ ಅವಳಿಗೆ ಯಾಕೆ ಬೇಕಿತ್ತು, ಅಂಗಡಿಯಲ್ಲಿ ಬ್ಯಾಗುಗಳಿಗೆ ಜಿಪ್ಪು ಹಾಕಿಕೊಂಡು, ಹರಿದದ್ದು ಹೊಲಿದುಕೊಂಡು ಇದ್ದವಳು, ಕಡಲಿನಲ್ಲಿ ಮೊಣಕಾಲು ದಾಟಿ ಇಳಿದವಳಲ್ಲ, ಅಲೆಯಲ್ಲಿ ಸರ್ಫಿಂಗ್ ಬೋರ್ಡಿನ ಮೇಲೆ ನಿಲ್ಲುವ ಹುಚ್ಚು ಅಣ್ಣನದು, ಮೀಸೆ ಮೂಡುವ ಮೊದಲಿನಿಂದ ಅವನದು, ಮದುವೆಯ ಮಾರನೆಯ ದಿನವೂ ಅಲೆ ಚೆನ್ನಾಗಿದೆಯೆಂದು ಓಡಿದ್ದನಂತೆ, ಅತ್ತಿಗೆ ಈಗಲೂ ಎತ್ತಿ ಆಡುತ್ತಾಳೆ. ಡ್ರೈವಿಂಗ್ ಸ್ಕೂಲಿನಲ್ಲಿ ಊರಿನ ಅರ್ಧ ಜನಕ್ಕೆ ಕಾರು ಕಲಿಸಿದವನು, ಬ್ರೇಕ್ ಮೇಷ್ಟ್ರು ಎಂದೇ ಹೆಸರು, ಪಕ್ಕದ ಸೀಟಿನಲ್ಲಿ ಕೂತು ಕಾಲನ್ನು ತನ್ನ ಬ್ರೇಕಿನ ಮೇಲೆ ಹಗುರವಾಗಿ ಇಟ್ಟುಕೊಂಡು, ಭಯ ಬೇಡ, ಕ್ಲಚ್ ನಿಧಾನಕ್ಕೆ ಬಿಡಿ, ಎಂದು ಹೇಳುತ್ತಾ ಹೇಳುತ್ತಾ ಒಂದು ದಿನ ಎದುರಿನ ಸಿಗ್ನಲ್ಲಿನ ಬಣ್ಣ ಶಿಷ್ಯನನ್ನೇ ಕೇಳಿದ. ಡಾಕ್ಟರು ಹೇಳಿದ್ದು, ಕಣ್ಣಿನ ನಡುಭಾಗ ಸವೆಯುತ್ತಿದೆ, ಅಂಚು ಉಳಿಯುತ್ತದೆ, ಪೂರ್ತಿ ಕತ್ತಲೆ ಆಗುವುದಿಲ್ಲ. ಓದಲು ಆಗುವುದಿಲ್ಲ, ಮುಖ ಗೊತ್ತಾಗುವುದಿಲ್ಲ. ಅವನು ಮನೆಯಲ್ಲಿ ಕೂತ. ಕೆಲಸ ಹೋದದ್ದಕ್ಕೆ ಅಳಲಿಲ್ಲ, ಒಂದು ಸಂಜೆ ಅವಳ ಅಂಗಡಿಗೆ ಗೋಡೆ ಸವರಿಕೊಂಡು ಬಂದು ಸ್ಟೂಲ್ ಮೇಲೆ ಕೂತು ಫೋನ್ ಚಾಚಿದ, ಇದರಲ್ಲಿ ಏನು ಬರೆದಿದೆ ಓದು, ಅಲೆಯದ್ದು. ಫೋನ್ ತಾನೇ ಓದಿ ಹೇಳುತ್ತದಲ್ಲ ಅಣ್ಣ, ಅಂದಳು. ಅಂಕಿ ಓದುತ್ತೆ, ಕಿಟಕಿಯಿಂದ ಹೊರಗೆ ನೋಡಲ್ಲ, ಅಂದ. ಅಲ್ಲಿಂದ ಶುರು.

ಮೊದಮೊದಲು ಅವಳು ಹೇಳಿದ್ದೆಲ್ಲ ಉಲ್ಟಾ, ಗಾಳಿ ಪಶ್ಚಿಮ ಅಂದರೆ ಪಶ್ಚಿಮಕ್ಕೆ ಹೋಗುತ್ತದೆ ಅಂದುಕೊಂಡಿದ್ದಳು, ಅದು ಪಶ್ಚಿಮದಿಂದ ಬರುವುದಂತೆ, ಅವನು ನಕ್ಕು ನಕ್ಕು ಸ್ಟೂಲಿನಿಂದ ಜಾರಿದ. ನೆಲದಿಂದ ಬರೋ ಗಾಳಿ ಅಲೆಯನ್ನ ನೆಟ್ಟಗೆ ಹಿಡಿದು ನಿಲ್ಲಿಸುತ್ತೆ, ಕಡಲಿಂದ ಬರೋದು ಬೆನ್ನು ಮುರಿಯುತ್ತೆ, ಅಷ್ಟು ನೆನಪಿಟ್ಕೋ ಸಾಕು. ಅಷ್ಟು ಸಾಕಾಗಲಿಲ್ಲ. ಒಂದು ಭಾನುವಾರ ಎತ್ತರ ಮೊಣಕಾಲಿನಷ್ಟು ಎಂದು ತೋರಿಸಿತ್ತು, ಗಾಳಿ ಇರಲಿಲ್ಲ, ಹೋಗಣ್ಣ, ಕೆರೆಯ ಹಾಗಿದೆ, ಅಂದವಳು ಅವಳೇ, ಅಂತರ ನೋಡಲಿಲ್ಲ, ನೋಡಿದ್ದಳು, ದೊಡ್ಡ ಸಂಖ್ಯೆ ಅಂದರೆ ಒಳ್ಳೆಯದು ಅಂದುಕೊಂಡಿದ್ದಳು — ಬಹಳ ಹೊತ್ತು ಏನೂ ಇಲ್ಲ, ಆಮೇಲೆ ಒಂದರ ಹಿಂದೆ ಒಂದು ಎದ್ದು ನಿಂತವು, ದಿಬ್ಬದ ಮೇಲೆ ಅವನನ್ನು ಮಗುಚಿ ಹಾಕಿ ಬೋರ್ಡಿನ ಅಂಚಿನಿಂದಲೇ ಗಲ್ಲ ಸೀಳಿದವು. ಒಳಗೆ ಅವನಿಗೆ ಹೊಲಿಗೆ ಹಾಕುವಾಗ ಅತ್ತಿಗೆ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ಆಸ್ಪತ್ರೆಯ ಬೆಂಚಿನ ಮೇಲೆ ಅವನ ಒದ್ದೆ ಟವೆಲ್ ಮಡಚುತ್ತಾ ಹೇಳಿದಳು, ನಾನು ಬೇಡ ಅಂದ್ರೆ ಕೇಳಲ್ಲ ಅವರು, ನೀನು ಬೇಡ ಅಂದ್ರೆ ಕೇಳ್ತಾರೆ, ಇನ್ನು ಮೇಲೆ ಅವರು ನಿನ್ನ ಕೈಯಲ್ಲಿ. ಅದಾದ ಮೇಲೆ ಅವಳು ಬೇಡ ಅನ್ನುವುದನ್ನು ಕಲಿತಳು, ಎಷ್ಟು ಸುಲಭ, ಇವತ್ತು ಗಾಳಿ ಸರಿ ಇಲ್ಲ, ಇವತ್ತು ನೀರು ಜಾಸ್ತಿ, ಇವತ್ತು ಅಲೆ ಕಲಸಿದ ಹಾಗಿದೆ, ಅವನು ಹೂಂ ಅನ್ನುತ್ತಿದ್ದ, ಫೋನ್ ಇಡುತ್ತಿದ್ದ. ಒಂದು ಬೆಳಿಗ್ಗೆ ಮಾತ್ರ ಇಡಲಿಲ್ಲ. ಅಂತರ ಎಷ್ಟು, ಕೇಳಿದ. ಹೇಳಿದಳು, ಬಾಯಿಗೆ ಬಂದದ್ದು. ಗಾಳಿ ಯಾವ ಕಡೆಯಿಂದ? ಕಡಲ ಕಡೆಯಿಂದ. ಬಾಲ್ಕನಿಯಲ್ಲಿ ನಿಂತಿದ್ದನಂತೆ ಆಗ, ಗಾಳಿ ಅವನ ಬೆನ್ನಿಗೆ ಬೀಸುತ್ತಿತ್ತಂತೆ, ಕಡಲಿಗೆ ಮುಖ ಮಾಡಿ ನಿಂತವನ ಬೆನ್ನಿಗೆ. ದನಿ ಏರಿಸಲಿಲ್ಲ, ಕ್ಲಚ್ ನಿಧಾನ ಅನ್ನುವ ದನಿಯಲ್ಲೇ ಹೇಳಿದ, ಹೆದರಿಕೆ ಆದ್ರೆ ಹೆದರಿಕೆ ಅಂತ ಹೇಳು, ಸಮುದ್ರದ ಮೇಲೆ ಹಾಕಬೇಡ. ಆಮೇಲೆ ಎರಡು ವಾರ ಅವನು ಕೇಳಲೇ ಇಲ್ಲ. ಅವಳು ಮಾತ್ರ ದಿನಾ ಬೆಳಿಗ್ಗೆ ನೋಡಿದಳು, ಯಾರಿಗೂ ಹೇಳದೆ, ತನಗೆ ತಾನೇ ಹೇಳಿಕೊಂಡು ಕಡಲ ದಂಡೆಯ ಗೋಡೆಯ ತನಕ ನಡೆದು ಹೋಗಿ ಸರಿಯೋ ತಪ್ಪೋ ನೋಡಿ ಬಂದು ಅಂಗಡಿಯ ಬಾಗಿಲು ತೆಗೆದಳು, ತಪ್ಪು, ತಪ್ಪು, ಸ್ವಲ್ಪ ಸರಿ, ತಪ್ಪು, ಸರಿ.

ನೀರು ಕುದಿದು ಅರ್ಧ ಆಗಿದೆ, ಒಲೆ ಆರಿಸಿ, ಕುಡಿಯದೇ, ಅವಳೇ ಫೋನ್ ಮಾಡಿದಳು. ಅಣ್ಣ, ನನಗೆ ಹೆದರಿಕೆ ಇದೆ, ಆದರೆ ಇವತ್ತು ಚೆನ್ನಾಗಿದೆ. ಆ ಕಡೆ ಬಟ್ಟೆಯ ಬೀರು ತೆಗೆದ ಸದ್ದು. ಗೋಡೆಯ ಹತ್ತಿರ ಬೋರ್ಡು ಬಾಡಿಗೆಗೆ ಕೊಡುವವನು ಕಾಯುತ್ತಿದ್ದ, ಅಣ್ಣನ ಹಳೆಯ ಶಿಷ್ಯ, ಲೈಸೆನ್ಸಿಗೆ ಐದು ಸಲ ಫೇಲ್ ಆದವನು, ನಾನು ಪಕ್ಕದಲ್ಲೇ ಇರ್ತೀನಿ ಅಕ್ಕ, ಅಂದ, ಮೇಷ್ಟ್ರು ನನ್ನ ಪಕ್ಕ ಎಷ್ಟು ದಿನ ಕೂತಿಲ್ಲ. ಅವನೂ ಅಣ್ಣನೂ ನೀರಿಗೆ ಇಳಿದರು. ಅತ್ತಿಗೆ ಬಂದಿರಲಿಲ್ಲ, ಡಬ್ಬಿಯಲ್ಲಿ ತಿಂಡಿ ಕಳಿಸಿದ್ದಳು, ಮೂರು ಜನಕ್ಕೆ, ಅದೇ ಅವಳ ಒಪ್ಪಿಗೆ. ಇವಳು ಗೋಡೆಯ ಮೇಲೆ ಡಬ್ಬಿ ತಬ್ಬಿಕೊಂಡು ಕೂತಳು, ಕಲ್ಲು ತಣ್ಣಗಿತ್ತು, ಅಲೆಗಳು ಇವಳು ಹೇಳಿದ ಹಾಗೇ ಬರುತ್ತಿದ್ದವು, ಎಂಥ ವಿಚಿತ್ರ, ಅಡುಗೆಮನೆಯಲ್ಲಿ ನಿಂತು ಓದಿದ್ದು ಇಲ್ಲಿ ನೀರಾಗಿ ಬರುತ್ತಿದೆ, ಇವಳಿಗೆ ಹೆಮ್ಮೆ, ತಾನೇ ಕಳಿಸಿದ ಹಾಗೆ. ಮತ್ತು ಅಣ್ಣ ಆ ದಿಬ್ಬದ ಆಚೆ, ಬೋರ್ಡಿನ ಮೇಲೆ ಕಾಲು ಇಳಿಬಿಟ್ಟು, ಬಲಗೈಯನ್ನು ನೀರಿನ ಮೇಲೆ ಚಪ್ಪಟೆಯಾಗಿ ಇಟ್ಟು ಕೂತಿದ್ದ. ಕೈ ಬಡಿಯುತ್ತಿಲ್ಲ, ನೀರು ತಳ್ಳುತ್ತಿಲ್ಲ, ಇಟ್ಟಿದ್ದಾನೆ ಅಷ್ಟೇ, ಬಾನೆಟ್ಟಿನ ಮೇಲೆ ಕೈಯಿಟ್ಟು ಇಂಜಿನ್ ಎಷ್ಟು ಬಿಸಿಯಾಗಿದೆ ಎಂದು ನೋಡುವವನ ಹಾಗೆ. ಬೋರ್ಡಿನವನು ಏನೋ ಕೂಗಿದ, ಅಂಗೈ ಮೇಲೆದ್ದಿತು, ಅಣ್ಣ ಮಲಗಿದ, ಈಜಿದ, ಎದ್ದ, ನಿಂತ — ನಿಂತೇ ಇದ್ದ, ದಡದ ತನಕ, ಸ್ವಲ್ಪ ಬಗ್ಗಿ, ಪಕ್ಕಕ್ಕೆ ತಿರುಗಿ. ಅವಳು ಉಸಿರು ಬಿಟ್ಟಳು. ಮುಂದಿನ ಎರಡರಲ್ಲಿ ಬಿದ್ದ, ನಗುತ್ತಾ ಎದ್ದ.

ಆಗ ಐಸ್‌ಕ್ರೀಮ್ ಅಂಗಡಿಯ ಛತ್ರಿಯ ಅಂಚು ಪಟಪಟ ಅಂದಿತು, ತಪ್ಪು ಕಡೆಗೆ, ನೆಲದ ಕಡೆಗೆ, ಇಷ್ಟು ಬೇಗ ಅಲ್ಲ, ಮಧ್ಯಾಹ್ನ ಅಂತ ತೋರಿಸಿತ್ತಲ್ಲ, ನೀರಿನ ಮೇಲೆ ಸುಕ್ಕು ಬಿತ್ತು, ಅವಳು ಎದ್ದು ನಿಂತಳು, ಡಬ್ಬಿ ಉರುಳಿತು, ಅಣ್ಣಾ ಎಂದು ಕೂಗಿದ್ದು ಗಾಳಿಗೆ ವಾಪಸ್ಸು ಅವಳ ಬಾಯಿಗೇ ಬಂತು, ಅಲ್ಲಿ ಅವನ ಅಂಗೈ ಮತ್ತೆ ನೀರಿನ ಮೇಲಿತ್ತು, ಒಂದು ಗಳಿಗೆ, ಎರಡು, ಆಮೇಲೆ ಅವನೇ ಬೋರ್ಡು ದಡಕ್ಕೆ ತಿರುಗಿಸಿದ, ಬೋರ್ಡಿನವನು ಹೇಳುವ ಮೊದಲೇ. ವಾಪಸ್ಸು ಬರುವಾಗ ಬಾಡಿಗೆ ಕಾರಿನಲ್ಲಿ ತಲೆ ಒರೆಸಿಕೊಳ್ಳುತ್ತಾ, ಗಾಳಿ ಬೇಗ ಬಂತು, ಅಂದ ಅಣ್ಣ. ನಾನು ತಪ್ಪು ಹೇಳಿದೆ ಅಣ್ಣ. ಸ್ವಲ್ಪ ತಪ್ಪು, ಅಂದ, ನಾನು ಕಲಿಯೋವಾಗ ಪೂರ್ತಿ ತಪ್ಪು ಹೇಳ್ತಿದ್ದೆ, ಉಳಿದಿದ್ದು ಅಲ್ಲಿ ಹೋದ ಮೇಲೆ ಗೊತ್ತಾಗುತ್ತೆ, ಎಲ್ಲ ನೀನೇ ಹೊರಬೇಡ. ಮುಂದಿನ ವಾರ ಹೇಗಿದೆ?

ನೋಡಿ ಹೇಳ್ತೀನಿ ಅಂದಳು, ನೋಡಿಯೇ ಇದ್ದಳು, ಗುರುವಾರ ದೂರದ್ದೊಂದು ಬರುತ್ತಿದೆ, ಅಂತರ ಜಾಸ್ತಿ, ಬೇಡ ಅನ್ನಬೇಕು, ಬೇಡ ಅಂತ ಈಗ ಸುಳ್ಳಿಲ್ಲದೆ ಹೇಳಬಹುದು, ಶನಿವಾರಕ್ಕೆ ಅದು ಇಳಿದಿರುತ್ತದೆ, ಶನಿವಾರ ಅನ್ನೋಣ — ಅಂಗಡಿಯಲ್ಲಿ ಮಿಷನ್ನಿಗೆ ದಾರ ಪೋಣಿಸುತ್ತಾ, ಕೆಂಪು ಬ್ಯಾಗಿನ ಹಳೆಯ ಜಿಪ್ಪು ಬಿಚ್ಚುತ್ತಾ, ಎದುರಿಗೆ ನಿಂತ ಹೆಂಗಸು ಯಾವಾಗ ಸಿಗುತ್ತೆ ಎಂದು ಕೇಳುತ್ತಿದ್ದಾಳೆ, ಹೇಳಬೇಕು, ನಾಳೆ ಅನ್ನಬೇಕು, ಸೂಜಿಯ ಕೆಳಗೆ ಬಟ್ಟೆ ಸರಿಪಡಿಸಿ ಅಂಗೈಯಿಂದ ಒತ್ತಿ ಹಿಡಿದಳು, ಮತ್ತೆ ಅದೇ, ಅಷ್ಟು ನೀರು, ಅಷ್ಟು ಆಕಾಶ, ಅದರ ನಡುವೆ ಅವನ ಕೈ, ಬೆರಳು ಅಗಲಿಸಿದ ಕೈ, ನೀರಿನ ಜೊತೆ ಏರಿ, ನೀರಿನ ಜೊತೆ ಇಳಿದು, ಚಪ್ಪಟೆಯಾಗಿ ಇಟ್ಟ ಅಂಗೈ