ಕವುಚಿದ ಚಿಪ್ಪು

ಐತ ಮೇಸ್ತ್ರಿಗೂ ನಕ್ಷೆಗೂ ಆಗಿಬರುತ್ತಿರಲಿಲ್ಲ. ನಲವತ್ತು ವರ್ಷ ಗೋಡೆ ಕಟ್ಟಿದವನು. ಬ್ರಹ್ಮಾವರದಿಂದ ಬೈಂದೂರಿಗೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಾಚೆ ಬೆರಳು ತೋರಿಸಿ "ಅದ್ ನಾನ್ ಕಟ್ಟಿದ್ದ್, ಅಗಾ ಅದೂ ನಾನ್ ಕಟ್ಟಿದ್ದ್" ಎಂದು ಪಕ್ಕದವರ ನಿದ್ದೆ ಕೆಡಿಸುವವನು. ಅಷ್ಟನ್ನೂ ಕಾಗದ ನೋಡದೆ ಕಟ್ಟಿದೆ ಎನ್ನುವುದೇ ಅವನ ದೊಡ್ಡಸ್ತಿಕೆ. ನಕ್ಷೆ ಹಿಡಿದು ಕಟ್ಟುವವರನ್ನು ಕಂಡರೆ ಅವನಿಗೆ ಪಾಪ ಅನ್ನಿಸುತ್ತಿತ್ತು.

ಇಂಥವನ ಹೊಟ್ಟೆಯಲ್ಲಿ ಹುಟ್ಟಿದವಳು ಯಾರು? ಪ್ರಣೀತಾ. ಸಿವಿಲ್ ಡಿಪ್ಲೊಮಾ ಮುಗಿಸಿ ಬ್ರಹ್ಮಾವರದಲ್ಲಿ ಒಬ್ಬ ಗುತ್ತಿಗೆದಾರರ ಬಳಿ ಸೂಪರ್‌ವೈಸರ್ ಆದವಳು. ತಲೆಗೆ ಹಳದಿ ಹೆಲ್ಮೆಟ್, ಕಂಕುಳಲ್ಲಿ ಸುರುಳಿ ಸುತ್ತಿದ ನಕ್ಷೆ. ಕೋಟದ ಅವರ ಮನೆಯಲ್ಲಿ ಬೆಳಗಿನ ಚಹಾ ಜಗಳವಿಲ್ಲದೆ ಗಂಟಲಲ್ಲಿ ಇಳಿದದ್ದೇ ಇಲ್ಲ. ಅಪ್ಪ ಕಟ್ಟಿದ ಬಚ್ಚಲು ಮನೆಯ ನೀರು ಒಳಕ್ಕೇ ಹರಿಯುತ್ತದೆ ಎಂದು ಮಗಳು, ಆ ನೀರಿಗೆ ಬುದ್ಧಿಯಿಲ್ಲ ಎಂದು ಅಪ್ಪ.

ಕಡೆಗೊಂದು ದಿನ ಅವಳು ಚಹಾದ ಲೋಟ ಕುಕ್ಕಿ ಹೇಳಿಯೇಬಿಟ್ಟಳು: "ಅಪ್ಪಯ್ಯ, ಇನ್ನೊಂದೇ ಒಂದ್ ಕೆಲ್ಸ ನಿಮ್ಮ ಲೆಕ್ಕದಗೆ ಮಾಡಿ. ಅದ್ ಸರಿ ಆದ್ರೆ ನಾನ್ ಬಾಯಿ ಮುಚ್ಕಂತೆ. ತಪ್ಪಿದ್ರೆ, ಮತ್ತೆ ನಾನ್ ನಕ್ಷೆ ಹಿಡಿತೆ, ನೀವ್ ನಾನ್ ಹೇಳ್ದಂಗೆ ಕಟ್ಕ್. ಆತಾ?"

"ಆತ್ ಹೋಗ್," ಎಂದ ಐತ. ಹೇಳುವಾಗ ಮೀಸೆ ತಿರುವಿದ. ಆದರೆ ಮಗಳು ಆಚೆ ಹೋದ ಮೇಲೆ ಮೀಸೆಯಿಂದ ಕೈ ಇಳಿಸಿದ. ಅರವತ್ತೆರಡರ ಪ್ರಾಯದಲ್ಲಿ ಮಗಳ ಕೈಕೆಳಗೆ ಇಟ್ಟಿಗೆ ಇಡುವುದೆಂದರೆ, ನಾಲ್ಕು ಜನ ಮೇಸ್ತ್ರಿಗಳ ಎದುರು ತಲೆಯೆತ್ತುವುದು ಹೇಗೆ?

ಆ ಇನ್ನೊಂದೇ ಒಂದು ಕೆಲಸ ಲೀಲಾಧರ ಶೆಟ್ಟರ ಕಡೆಯಿಂದ ಬಂತು. ಮುಂಬೈಯಲ್ಲಿ ಎರಡು ಹೋಟೆಲು ನಡೆಸುವ ಶೆಟ್ಟರು ಮೂರನೆಯದನ್ನು ಊರಲ್ಲೇ ತೆರೆಯುವವರಿದ್ದರು, ಕಿರಿಮಂಜೇಶ್ವರದ ಹತ್ತಿರ ಹೆದ್ದಾರಿಯ ಬದಿಗೆ. ಮೀನೂಟದ ಹೋಟೆಲು. ಅಡುಗೆಯ ರುಚಿ ನೋಡುವ ನೆಪದಲ್ಲಿ ಐತನನ್ನು ಅಲ್ಲಿಗೇ ಊಟಕ್ಕೆ ಕರೆದರು. ಅಡುಗೆಗೂ ಬಡಿಸುವುದಕ್ಕೂ ವನಜ ಎಂಬ ಹೆಂಗಸು ನಿಂತಿದ್ದಳು. ಕೈರುಚಿಯಲ್ಲೂ ಬಾಯಿಜೋರಿನಲ್ಲೂ ಅವಳನ್ನು ಮೀರಿಸುವವರು ಆ ಕಡೆ ಯಾರೂ ಇರಲಿಲ್ಲ.

ಬಾಳೆಲೆಯ ಮೇಲೆ ಚಿಪ್ಪಿನ ಸುಕ್ಕ ಬಿತ್ತು, ಚಿಪ್ಪುಮೀನನ್ನು ಚಿಪ್ಪಿನ ಸಮೇತ ತೆಂಗಿನತುರಿಯ ಮಸಾಲೆಯಲ್ಲಿ ಹುರಿದದ್ದು. ಶೆಟ್ಟರು ಒಂದು ಚಿಪ್ಪನ್ನು ಚೀಪಿ ಖಾಲಿ ಮಾಡಿ, ನೀರಿನ ಲೋಟದಲ್ಲಿ ಅದ್ದಿ ತೊಳೆದು, ಮೇಜಿನ ನಡುವೆ ಉಪ್ಪಿನ ಬಟ್ಟಲಿಗೆ ಒರಗಿಸಿ ಇಟ್ಟರು.

"ಕಾಣಿ ಮೇಸ್ತ್ರಿ, ಹೋಟ್ಲಿನ ಎದ್ರಿಗೆ ಹದಿನಾಲ್ಕ್ ಅಡಿ ಅಗಲದ ಚಿಪ್ಪ್ ಬೇಕ್. ಹೀಂಗೇ ಬರ್ಕ್. ಕಂಡವ್ರ್ ಕಾರ್ ನಿಲ್ಸ್ಕ್."

ಅಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು. ಮುಂಬೈಯಲ್ಲಿ ಏನೋ ಗಡಿಬಿಡಿ. ಶೆಟ್ಟರು ಎಂಜಲು ಕೈಯಲ್ಲೇ ಹಿಂದಿಯಲ್ಲಿ ಕೂಗಾಡುತ್ತ ಅಂಗಳಕ್ಕೆ ಹೋದವರು ಇಪ್ಪತ್ತು ನಿಮಿಷ ಒಳಗೆ ಬರಲಿಲ್ಲ. ವನಜ ಮತ್ತೆರಡು ಸಲ ಸುಕ್ಕ ಬಡಿಸಿದಳು. ಐತ ಬಗ್ಗಿಸಿದ ತಲೆ ಎತ್ತದೆ ತಿಂದ. ತಿಂದು ಮುಗಿಸಿ, ಒಂದು ಕಣ್ಣು ಮುಚ್ಚಿ ಮೇಜಿನ ಮೇಲಿನ ಚಿಪ್ಪನ್ನು ಅಳೆದ. ಬೆನ್ನು ಮೇಲೆ, ಬಾಯಿ ಕೆಳಗೆ. ಹಿಂದಿನ ಅಂಚು ಮೇಜಿಗೆ ತಾಗಿದೆ, ಮುಂದಿನ ಅಂಚು ಬಟ್ಟಲ ಮೇಲೆ ಎತ್ತಿ ನಿಂತಿದೆ. ಆಹಾ, ಎಂಥ ರೂಪ! ಅದನ್ನು ಹಾಗೆಯೇ ಮನಸ್ಸಿನಲ್ಲಿ ಅಚ್ಚು ಒತ್ತಿಕೊಂಡ.

ಶೆಟ್ಟರು ಬಂದವರೇ, "ನಾನ್ ಇವತ್ತೇ ವಿಮಾನ ಹತ್ಕ್. ನಕ್ಷೆ ನಿಮ್ಮ ಮಗ್ಳ ಮೊಬೈಲಿಗೆ ಕಳ್ಸಿದ್ದೆ, ಎಲ್ಲ ಅದ್ರಗೆ ಇತ್ತ್," ಎಂದು ಕಾರು ಹತ್ತಿದರು.

ಪ್ರಣೀತಾ ನಕ್ಷೆಯನ್ನು ಪ್ರಿಂಟು ತೆಗೆಸಿ ಕೈಯಲ್ಲಿಟ್ಟಳು. "ನಾನ್ ಇದನ್ನ ಬಿಡ್ಸಿಯೂ ಕಾಂಬುದಿಲ್ಲೆ. ನಿಮ್ಮ ಕೆಲ್ಸ, ನಿಮ್ಮ ಪಂಥ. ಬೇಕಾರೆ ಕೇಣಿ, ಹೇಳ್ತೆ," ಎಂದಳು. ಐತ ಕೇಳಲಿಲ್ಲ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಬುತ್ತಿಯ ಕೆಳಗೆ ಹಾಸಿದ.

ಮೂರು ವಾರ ಅವನು ಮೈಮೇಲೆ ಬಂದವನ ಹಾಗೆ ದುಡಿದ. ಎದುರಿಗೆ ಎರಡು ಗಿಡ್ಡ ಕಂಬ ಏಳಿಸಿ, ಮಣ್ಣಿನ ಗುಡ್ಡೆ ಹಾಕಿ, ಅದರ ಮೇಲೆ ಸರಳು ಬಗ್ಗಿಸಿ, ಜಾಲರಿ ಕಟ್ಟಿ, ಮೂರು ಬೆರಳು ದಪ್ಪಕ್ಕೆ ಗಾರೆ ಎಳೆದ. ಬೆನ್ನಿನ ಗೀರುಗಳನ್ನು ಒಂದೊಂದಾಗಿ ಕರಣೆಯ ತುದಿಯಲ್ಲಿ ಎಬ್ಬಿಸಿದ. ಈಗ ಎಲ್ಲಿಯೂ ಸುಲಭಕ್ಕೆ ಸಿಗದ ಚಿಪ್ಪು ಸುಟ್ಟ ಸುಣ್ಣವನ್ನು ಹುಡುಕಿ ತಂದು ಮೇಲಿನ ಪದರ ಬಳಿದ. ಚಿಪ್ಪಿಗೆ ಚಿಪ್ಪಿನದೇ ಬಣ್ಣ ಎಂದು ತನ್ನ ಬುದ್ಧಿಗೆ ತಾನೇ ತಲೆದೂಗಿದ. ಕೊನೆಗೆ ಒಳಗಿನ ಮಣ್ಣು ತೋಡಿ ತೆಗೆದ. ದೃಷ್ಟಿಯಾದೀತು ಎಂದು ಅಷ್ಟೂ ದಿನ ಸುತ್ತ ನೀಲಿ ಟರ್ಪಾಲು. ಕೆಲಸ ಪೂರ್ತಿಯಾಗದೆ ಯಾರಿಗೂ ತೋರಿಸುವವನಲ್ಲ ಅವನು.

ಹೋಟೆಲು ತೆರೆಯಲು ಎರಡು ದಿನವಿದೆ ಎನ್ನುವಾಗ ಶೆಟ್ಟರು ಬಂದಿಳಿದರು. ಐತ ಟರ್ಪಾಲಿನ ಹಗ್ಗ ಎಳೆದ. ಬೆಳ್ಳಗೆ, ಗೀರುಗೀರಾಗಿ, ಏಳಡಿ ಎತ್ತರಕ್ಕೆ ತುಟಿಯೆತ್ತಿ ಕವುಚಿ ನಿಂತಿತ್ತು ಚಿಪ್ಪು. ನೋಡಲು ಸೇರಿದ ಹೋಟೆಲಿನವರಲ್ಲಿ ಒಬ್ಬ ಆಮೆ ಎಂದ. ಇನ್ನೊಬ್ಬ ತೆಂಗಿನ ಗೆರಟೆ ಎಂದ. ವನಜ ಮಾತ್ರ "ಗೊರಬು! ನನ್ನ ಅಬ್ಬಿ ಮಳಿಗಾಲದಗೆ ನಟ್ಟಿಗೆ ಹೋಪತಿಗೆ ಬೆನ್ನಿಗ್ ಹಾಕಂತಿದ್ದದ್ದ್ ಇದೇ ಕಾಣಿ," ಎಂದು ಕೈ ತಟ್ಟಿದಳು.

ಶೆಟ್ಟರು ಚಿಪ್ಪಿಗೆ ಒಂದು ಸುತ್ತು ಬಂದರು. ಆಮೇಲೆ ಕೇಳಿದರು: "ಮೇಸ್ತ್ರಿ, ನೀರ್ ಎಲ್ಲಿ ನಿಲ್ತ್?"

"ನೀರಾ? ಒಂದ್ ಹನಿ ನಿಲ್ಲುದಿಲ್ಲೆ ಶೆಟ್ರೆ! ಹಾಂಗೆ ಮಾಡಿದ್ದೆ!"

"ನಿಲ್ಕ್ ಮಾರಾಯಾ, ನಿಲ್ಲುಕೇ ಬೇಕ್!" ಶೆಟ್ಟರು ತಲೆಯ ಮೇಲೆ ಕೈ ಹೊತ್ತುಕೊಂಡರು. "ಬಾಯಿ ಮೇಲೆ ಇಪ್ಪು ಚಿಪ್ಪ್. ಅದ್ರಗೆ ನೀರ್, ನೀರಗೆ ಮುತ್ತಿನಂತ ಲೈಟ್. ನಾನ್ ಅಂಗಾತ ಇಟ್ಟ್ ತೋರ್ಸಿದ್ನಲ್ಲ!"

"ಇಲ್ಲೆ ಶೆಟ್ರೆ. ಕವ್ಚಿ ಇದ್ದಿತ್. ನನ್ನ ಕಣ್ಣಾರೆ ಕಂಡಿದ್ದೆ."

ಇಬ್ಬರೂ ಆಣೆ ಹಾಕುವವರೆಗೆ ಹೋಯಿತು. ಇಬ್ಬರೂ ಸುಳ್ಳು ಹೇಳುತ್ತಿಲ್ಲ ಎಂದು ಇಬ್ಬರಿಗೂ ಗೊತ್ತಾಯಿತು. ಹಾಗಾದರೆ ನಡುವೆ ಚಿಪ್ಪು ತಿರುಗಿಸಿದವರು ಯಾರು? ಎಲ್ಲರೂ ಒಟ್ಟಿಗೆ ವನಜಳನ್ನು ನೋಡಿದರು. ಅವಳ ಗ್ರಹಚಾರಕ್ಕೆ ಕೈಯಲ್ಲಿ ಮೇಜು ಒರೆಸುವ ಬಟ್ಟೆಯೂ ಇತ್ತು.

"ನಾನಾ? ಉಂಬವ್ರ್ ಏಳುಕೆ ಮುಂಚೆ ನಾನ್ ಮೇಜಿಗ್ ಕೈ ಹಾಕುದಿಲ್ಲೆ. ಹ್ವಾಯ್ ಮೇಸ್ತ್ರಿ, ನೀವಾರೂ ಹೇಳಿ!"

ಐತ ಆಚೀಚೆ ನೋಡಿದ. "ನಂಗೆ ನೆನ್ಪಿಲ್ಲೆ ವನಜ," ಎಂದ. ನಿಜಕ್ಕೂ ನೆನಪಿರಲಿಲ್ಲ.

ಶೆಟ್ಟರ ಸಿಟ್ಟು ಯಾರ ತಲೆಯ ಮೇಲಾದರೂ ಇಳಿಯಲೇಬೇಕಿತ್ತು. "ನಾಳೆಂದ ಬಪ್ಪುದ್ ಬೇಡ," ಎಂದರು ವನಜಳಿಗೆ. ಐತನಿಗೆ, "ನಾಳೆ ಬೆಳಿಗ್ಗೆ ಇದನ್ನ ಒಡ್ಸ್ತೆ," ಎಂದರು. ವನಜ ಬಟ್ಟೆಯನ್ನು ಹಿಂಡಿ ನಲ್ಲಿಯ ಮೇಲೆ ಹರವಿ, ಯಾರನ್ನೂ ನೋಡದೆ ಬಸ್ಸಿಗೆ ಹೋದಳು. ಅವಳ ಬಾಯಿ ಮುಚ್ಚಿದ್ದನ್ನು ಐತ ಕಂಡದ್ದು ಅದೇ ಮೊದಲು.

ಆ ಸಂಜೆ ಮನೆಯಲ್ಲಿ, ಒಡೆಸುವ ವಿಷಯವನ್ನಷ್ಟೇ ಮಗಳಿಗೆ ಹೇಳಿದ. ಯಾರೋ ಚಿಪ್ಪು ತಿರುಗಿಸಿದ್ದರಿಂದ ಹೀಗಾಯಿತು, ತನ್ನ ತಪ್ಪೇನಿಲ್ಲ ಎಂದೂ ಸೇರಿಸಿದ. ಪ್ರಣೀತಾ ಪಂಥದ ಸುದ್ದಿ ಎತ್ತಲಿಲ್ಲ. "ನಾಳೆ ರಜೆ ಹಾಕಿ ನಾನೂ ಬತ್ತೆ," ಎಂದು ಬಡಿಸಿದಳು. ಅಪ್ಪನ ಮನಸ್ಸಿಗೆ ಸಮಾಧಾನವಾಗಲಿ ಎಂದು ಅವಳು ಮಾಡಿದ್ದೂ ಚಿಪ್ಪಿನ ಸುಕ್ಕವೇ.

ಐತ ಒಂದು ಚಿಪ್ಪು ಚೀಪಿದ, ಬಟ್ಟಲಂಚಿಗೆ ಕವುಚಿ ಹಾಕಿದ. ಇನ್ನೊಂದು ಚೀಪಿದ, ಕವುಚಿ ಹಾಕಿದ. ಹುಟ್ಟಿದಾಗಿನಿಂದ ಬಂದ ಅಭ್ಯಾಸ ಅದು. ತಿಂದು ಮುಗಿದ ಚಿಪ್ಪನ್ನು ಕವುಚಬೇಕು, ಇಲ್ಲದಿದ್ದರೆ ಒಳಗೆ ಮಾಂಸ ಇದೆಯೆಂದು ಮತ್ತೆ ಮತ್ತೆ ಕೈ ಅಲ್ಲಿಗೇ ಹೋಗುತ್ತದೆ. ಅಂಗಾತ ಬಿದ್ದ ಖಾಲಿ ಚಿಪ್ಪು ಕಂಡರೆ ಅವನ ಕೈಗೆ ತಡೆಯುವುದಿಲ್ಲ. ಅದು ಯಾರ ಎಲೆಯದಾದರೂ ಸರಿ, ಮೇಜಿನ ನಡುವಿನದಾದರೂ ಸರಿ.

ಮೂರನೆಯ ಚಿಪ್ಪು ಬೆರಳಲ್ಲೇ ಉಳಿಯಿತು. ಅಯ್ಯೋ ದೇವರೇ.

"ಎಂತ ಆಯ್ತ್ ಅಪ್ಪಯ್ಯ? ಉಪ್ಪ್ ಹೆಚ್ಚಾಯ್ತಾ?"

"ಇಲ್ಲೆ. ಸಾಕ್," ಎಂದು ಎದ್ದುಬಿಟ್ಟ. ಹೇಳಿದರೆ ಪಂಥ ಸೋತ ಹಾಗೆ. ಹೇಳದಿದ್ದರೆ ವನಜಳ ಕೆಲಸ ಹೋದ ಹಾಗೆ. ಆ ಕೈಯನ್ನು ಎಷ್ಟು ತೊಳೆದರೂ ಮಸಾಲೆಯ ವಾಸನೆ ಹೋಗಲೊಲ್ಲದು.

ಮರುದಿನ ಬೆಳಿಗ್ಗೆ ಅಪ್ಪ ಮಗಳು ಹೋಗಿ ಇಳಿಯುವಾಗ ಭೋಜ ಎಂಬ ಗಟ್ಟಿಮುಟ್ಟಾದ ಆಳು ದೊಡ್ಡ ಸುತ್ತಿಗೆ ಹಿಡಿದು ಚಿಪ್ಪಿನ ನೆತ್ತಿಯ ಮೇಲೆ ನಿಂತಿದ್ದ. ಅಂಗಳಕ್ಕೆ ಹೊಸದಾಗಿ ಹಾಸಿದ ಇಂಟರ್‌ಲಾಕು ಪುಡಿಯಾಗುತ್ತದೆಂದು ಶೆಟ್ಟರು ಜೆಸಿಬಿ ತರಿಸಿರಲಿಲ್ಲ. ಭೋಜ ಹೊಡೆದ. ಢಂ! ಒಂದು ಚಕ್ಕೆ ಸುಣ್ಣ ಹಾರಿತು. ಮತ್ತೆ ಹೊಡೆದ. ಸುತ್ತಿಗೆಯೇ ಪುಟಿದು ಬಂತು. ಅರ್ಧ ಗಂಟೆಯಲ್ಲಿ ಭೋಜನ ಬನಿಯನು ಒದ್ದೆಯಾಯಿತೇ ಹೊರತು ಚಿಪ್ಪಿಗೆ ಏನೂ ಆಗಲಿಲ್ಲ. ಕೊನೆಗೆ ಸುತ್ತಿಗೆಯ ಹಿಡಿಯೇ ಎರಡು ತುಂಡಾಯಿತು.

ಐತನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ನೆತ್ತಿಗೆ ಬಿದ್ದ ಪ್ರತಿ ಪೆಟ್ಟೂ ಅವನ ಎದೆಗೆ ತಾಗುತ್ತಿತ್ತು. ಆದರೂ ಪುಟಿದ ಪ್ರತಿ ಸಲ ಒಳಗೊಳಗೇ ಭಲೇ ಎಂದುಕೊಳ್ಳುತ್ತಿದ್ದ.

"ಕವುಚಿದ್ದಕ್ಕೇ ಇಷ್ಟ್ ಗಟ್ಟಿ," ಎಂದಳು ಪ್ರಣೀತಾ ಶೆಟ್ಟರಿಗೆ. "ಕೋಳಿ ಮೊಟ್ಟಿ ಮುಷ್ಟಿಯಗೆ ಹಿಡ್ದ್ ಒತ್ತಿ ಕಾಣಿ, ಒಡುದಿಲ್ಲೆ. ಪೆಟ್ಟ್ ಒಂದೇ ಕಡೆ ನಿಲ್ಲುದಿಲ್ಲೆ, ಸುತ್ತ ಹಂಚಿ ಹೋತ್."

ಆಗ ಮಳೆ ಬಂತು. ಮೇ ತಿಂಗಳ ಕೊನೆಯ ದಿನಗಳ ಮಳೆ, ಹೇಳದೆ ಕೇಳದೆ ಬಕೆಟ್ಟಿನಲ್ಲಿ ಸುರಿದ ಹಾಗೆ. ಹೆದ್ದಾರಿ ಅಗಲ ಮಾಡಿದಾಗ ಹೋಟೆಲಿನೆದುರಿನ ಬಸ್ ನಿಲ್ದಾಣದ ಮಾಡು ಹೋದದ್ದು ಮತ್ತೆ ಬಂದಿರಲಿಲ್ಲ. ಬಸ್ಸಿಗೆ ನಿಂತವರೆಲ್ಲ ಮೀನಿನ ಬುಟ್ಟಿ, ಕೈಚೀಲ, ಚಪ್ಪಲಿಗಳ ಸಮೇತ ಓಡಿ ಬಂದು ಚಿಪ್ಪಿನ ಅಡಿ ನುಗ್ಗಿದರು. ಭೋಜ ಜಾರುತ್ತ ಇಳಿದು ನುಗ್ಗಿದ. ಶೆಟ್ಟರೂ ಪಂಚೆ ಎತ್ತಿ ನುಗ್ಗಿದರು, ಅವರ ಹಿಂದೆ ಅಪ್ಪ ಮಗಳೂ. ಹದಿನೈದು ಜನ ನಿಂತರೂ ಒಬ್ಬರ ಮೇಲೂ ಹನಿ ಬೀಳಲಿಲ್ಲ.

ರಸ್ತೆಯಲ್ಲಿ ಒಂದು ಕಾರು ನಿಂತಿತು, ಅದರ ಹಿಂದೆ ಇನ್ನೊಂದು. ಮೊಬೈಲುಗಳು ಕಿಟಕಿಯಿಂದ ಹೊರಬಂದು ಫೋಟೋ ಹೊಡೆದವು. ಶೆಟ್ಟರ ಮುಖ ನಿಧಾನಕ್ಕೆ ಅರಳಿತು. "ಒಡುದ್ ಬೇಡ," ಎಂದು ಘೋಷಿಸಿದರು. "ಇದ್ ಇಲ್ಲೇ ಇರ್ಲಿ. ಭಾರೀ ಕೈ ಮೇಸ್ತ್ರಿ ನಿಮ್ದ್!"

ಜನ ತಿರುಗಿ ಐತನನ್ನು ನೋಡಿದರು. ಬುಟ್ಟಿ ಹೊತ್ತ ಮುದುಕಿಯೊಬ್ಬಳು ನಿಂಗೆ ಪುಣ್ಯ ಬರಲಿ ಎಂದಳು. ಪ್ರಣೀತಾ ಕೂಡ ನಕ್ಕು, "ಗೆದ್ರಿ ಅಪ್ಪಯ್ಯ. ಇನ್ನ್ ನಾನ್ ಮಾತಾಡುದಿಲ್ಲೆ," ಎಂದಳು.

ಸುಮ್ಮನಿದ್ದರೆ ಆಗಿತ್ತು. ಎಲ್ಲ ಅವನ ಕಡೆಗೇ ಬಂದಿತ್ತು. ಆದರೆ ಬಟ್ಟೆ ಹಿಂಡಿ ಹರವಿ ಹೋದ ಆ ಹೆಂಗಸು ಕಣ್ಣೆದುರಿಂದ ಕದಲಲಿಲ್ಲ. ಐತ ಮಗಳ ತೋಳು ಹಿಡಿದು ಹಿಂದಿನ ಮೂಲೆಗೆ ಎಳೆದೊಯ್ದು, ಚಿಪ್ಪಿನ ಗೋಡೆಗೆ ಮುಖ ಮಾಡಿ ಪಿಸುಗುಟ್ಟಿದ: "ಮಗಾ, ಚಿಪ್ಪ್ ಕವ್ಚಿದ್ ವನಜ ಅಲ್ಲ. ನಾನೇ. ಈ ಹಾಳ್ ಕೈ."

ಕವುಚಿದ ಚಿಪ್ಪಿನೊಳಗೆ ಪಿಸುಮಾತು ಮೂಲೆಯಲ್ಲೇ ಉಳಿಯುವುದೇ? ಗೋಡೆಯ ಬಾಗನ್ನು ಹಿಡಿದು ಅದು ಸುತ್ತು ಹೊಡೆದು, ಆ ತುದಿಯಲ್ಲಿ ನಿಂತ ಶೆಟ್ಟರ ಕಿವಿಗೆ ನೆಟ್ಟಗೆ ಬಿತ್ತು.

"ಎಂತ ಅಂದ್ರಿ ಮೇಸ್ತ್ರಿ?"

ಎಲ್ಲರೂ ಮೂಲೆಯ ಕಡೆ ತಿರುಗಿದರು. ಏನಿಲ್ಲ ಎನ್ನಬಹುದಿತ್ತು. ಐತ ತಿರುಗಿ ನಿಂತ. ಅವನ ಕಿವಿ ಕೆಂಪಾಗಿತ್ತು.

"ಆ ಚಿಪ್ಪ್ ನಾನೇ ಕವ್ಚಿದ್ದ್ ಶೆಟ್ರೆ. ತಿಂಬತಿಗೆ ಕೈ ತನ್ನಷ್ಟಕ್ ಹೋಯ್ತ್. ವನಜ ಮುಟ್ಲಿಲ್ಲೆ. ನಕ್ಷೆ ಇದ್ದಿತ್, ಅದ್ರ ಮೇಲೆ ಬುತ್ತಿ ಇಟ್ಟ್ ಉಂಡೆ. ಇದ್ ಚಂದ ಬಂದದ್ದ್ ನನ್ನ ಬುದ್ಧಿಯಿಂದ ಅಲ್ಲ."

ಶೆಟ್ಟರು ಅವನನ್ನು ಕೆಕ್ಕರಿಸಿ ನೋಡಿದರು. ಮತ್ತೆ ತಲೆಯ ಮೇಲಿನ ಚಿಪ್ಪನ್ನು ನೋಡಿದರು. ಆಮೇಲೆ ಫೋನು ತೆಗೆದು, ತಾವೇ ವನಜಳಿಗೆ ಹಚ್ಚಿ ಕೆಲಸಕ್ಕೆ ಮರಳಿ ಕರೆದರು. ಅವಳ ಉತ್ತರ ಚಿಪ್ಪಿನಡಿ ನಿಂತ ಅಷ್ಟೂ ಜನಕ್ಕೆ ಕೇಳಿತು.

"ಬತ್ತೆ. ಬರದ್ದೇ ಎಂತ? ಆದ್ರೆ ಶೆಟ್ರೆ, ನಾನ್ ಬಡ್ಸು ಮೇಜಿನ ಮೇಲೆ ಇನ್ನ್ ನಿಮ್ಮ ಮಾದರಿ ಗೀದರಿ ಇಡುಕಾಗ. ಮತ್ತೆ ಆ ಮೇಸ್ತ್ರಿ ಇದ್ದ್ರಲೆ, ಅವ್ರ್ ನಂಗೆ ಸಿಕ್ಕಲಿ!"

ಜನ ಹೋ ಎಂದು ನಕ್ಕರು. ಐತನೂ ನಕ್ಕ. ಮಳೆ ಬಿಟ್ಟಿತು, ಬಸ್ಸು ಬಂತು, ಎಲ್ಲರೂ ಹತ್ತಿ ಹೋದರು. ಶೆಟ್ಟರಿಗೆ ಮಾತ್ರ ನೀರಿನ ಆಸೆ ಬಿಟ್ಟಿರಲಿಲ್ಲ. ಹಿಂದಿನ ಅಂಗಳದಲ್ಲಿ ಅಂಗಾತ ಚಿಪ್ಪೊಂದು ಆಗಲೇಬೇಕು ಎಂದು ಹಠ ಹಿಡಿದರು.

"ಮಾಡ್ತೆ," ಎಂದ ಐತ. "ಮಗ್ಳ್ ಹೇಳ್ದಂಗೆ ಮಾಡ್ತೆ."

ಪ್ರಣೀತಾ ಚೀಲದಿಂದ ನಕ್ಷೆಯ ಇನ್ನೊಂದು ಪ್ರತಿ ತೆಗೆದು ಕೊಟ್ಟಳು. ಐತ ಅದನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಗೆರೆ, ಗೆರೆಯ ಮೇಲೆ ಗೆರೆ, ಬಾಣದ ಗುರುತು, ಸಣ್ಣ ಸಣ್ಣ ಅಂಕಿ. ನಲವತ್ತು ವರ್ಷ ಯಾರ ಎದುರೂ ಬಾಯಿಬಿಡದ ಮಾತು ಗಂಟಲಿಗೆ ಬಂತು. ಶೆಟ್ಟರು ದೂರ ಹೋಗುವುದನ್ನು ಕಾದು, ಮಗಳ ಕಡೆ ಬಾಗಿ ಮೆಲ್ಲಗೆ ಕೇಳಿದ:

"ಮಗಾ, ಇದ್ರಗೆ ಮೇಲ್ ಯಾವ್ದ್, ಕೆಳಗ್ ಯಾವ್ದ್? ನಂಗೆ ಯಾವತ್ತೂ ಗೊತ್ತಾಯ್ಲಿಲ್ಲೆ."

ಪ್ರಣೀತಾ ನಗಲಿಲ್ಲ. ಅಪ್ಪನ ಕೈಯಲ್ಲಿ ತಲೆಕೆಳಗಾಗಿದ್ದ ಕಾಗದವನ್ನು ತಿರುಗಿಸಿ ಹಿಡಿಸಿ, ಅವನ ಬೆರಳನ್ನು ಮೊದಲ ಗೆರೆಯ ಮೇಲೆ ಇಟ್ಟಳು.