ಕೈ ಬಿಟ್ಟ ಪಟ

ಗುಂಪಿನ ಪಟದಲ್ಲಿ ಚಿಕ್ಕಪ್ಪನ ಹೊಟ್ಟೆ ಅಡ್ಡ ಬಂದಿದೆ, ಏನಾದರೂ ಮಾಡಿ ಎಂದು ಗಿರಾಕಿ ಗೋಗರೆದರೆ, ಸ್ಟುಡಿಯೋದವನು ಕಂಪ್ಯೂಟರಿನ ಮುಂದೆ ಕುಳಿತು ಅಂಚನ್ನು ಎರಡು ಬೆರಳಷ್ಟು ಒಳಗೆ ಸರಿಸಿ, ಹೊಟ್ಟೆಯ ಜೊತೆಗೆ ಚಿಕ್ಕಪ್ಪನನ್ನೂ ಮಾಯ ಮಾಡುತ್ತಿದ್ದ. ಬೀದಿಯವರು ಅವನನ್ನು ಕತ್ತರಿ ಮಾಮ ಎನ್ನುತ್ತಿದ್ದರು. ಬೇಡದ್ದನ್ನು ಬಿಟ್ಟರೆ ಬೇಕಾದ್ದು ತಾನಾಗಿ ಕಾಣುತ್ತದೆ ಎಂಬುದು ಅವನ ವೇದವಾಕ್ಯ. ಆದರೆ ಎರಡು ವರ್ಷದಿಂದ ಅಂಚು ಸರಿಸುವಾಗ ಅವನ ಕೈ ತಡೆಯುತ್ತಿತ್ತು.

ಎರಡು ವರ್ಷದ ಹಿಂದೆ ಔಷಧಿ ಅಂಗಡಿಯವನು ಹೆಂಡತಿಯೊಂದಿಗೆ ಪಟ ತೆಗೆಸಿಕೊಳ್ಳಲು ಬಂದಿದ್ದ. ಅವನು ಅವಳ ಮಣಿಕಟ್ಟನ್ನು ಹಿಡಿದಿದ್ದ ಬಿಗಿಗೆ ಅವಳ ಬೆರಳುಗಳು ಬಿಳಿಚಿದ್ದವು. ಮಾಮನಿಗೆ ಅದು ಕಂಡಿತ್ತು. ಇಬ್ಬರ ಮುಖದಲ್ಲೂ ನಗು ಚೆನ್ನಾಗಿತ್ತು, ಕೈಗಳು ಮಾತ್ರ ಚಿತ್ರದ ಅಂದ ಕೆಡಿಸುತ್ತಿದ್ದವು. ಎದೆಯಿಂದ ಮೇಲಕ್ಕೆ ಉಳಿಸಿಕೊಂಡ. ಅಷ್ಟಕ್ಕೇ ಅವರು ಹೇಳಿ ಮಾಡಿಸಿದಂಥ ಜೋಡಿಯಾದರು.

ಪಟ ಒಯ್ಯಲು ಅವಳೊಬ್ಬಳೇ ಬಂದಳು. ಬಹಳ ಹೊತ್ತು ನೋಡಿ, "ಕೈ ಎಲ್ಲಿ ಹೋಯ್ತು?" ಎಂದಳು.

"ಕೈ ಬಂದ್ರೆ ಪಟ ಕೆಡುತ್ತಮ್ಮ. ಮುಖ ತಾನೇ ಮುಖ್ಯ?"

ಅವಳು ದುಡ್ಡು ಎಣಿಸಿ ಕೊಟ್ಟು, ಪಟ ತೆಗೆದುಕೊಂಡು ಹೋದಳು. ಮೂರು ತಿಂಗಳಿಗೆ ಸತ್ತಳು. ಮೆಟ್ಟಿಲಿಂದ ಜಾರಿ ಬಿದ್ದಳು ಎಂದರು. ಗಂಡ ಬಂದು ಅದೇ ಪಟದಿಂದ ಅವಳ ಮುಖವನ್ನಷ್ಟೇ ದೊಡ್ಡದು ಮಾಡಿಸಿಕೊಂಡು ಹೋದ.

ಅಂದಿನಿಂದ ಮಾಮನಿಗೆ ನೆಮ್ಮದಿಯಿಲ್ಲ. ಕೈಯೇ ಬಾರದ ಪಾಸ್‌ಪೋರ್ಟ್ ಪಟ ತೆಗೆಯುವಾಗಲೂ, ಅಂಚಿನ ಕೆಳಗೆ ಬಿಳಿಚಿದ ಬೆರಳುಗಳು ಕಾಯುತ್ತಿವೆ ಎಂದು ಹೆದರಿಕೆಯಾಗುತ್ತಿತ್ತು. ಹೆಂಡತಿಯ ಮುಂದೆ ತೋಡಿಕೊಂಡ.

"ಊರ ಉಸಾಬರಿ ನಮಗ್ಯಾಕೆ?" ಎಂದಳು ಅವಳು. "ನೀವೇನು ತಳ್ಳಿದ್ರಾ? ಅವನೇ ತಳ್ಳಿದ ಅಂತ ಕಂಡೋರಾದ್ರೂ ಯಾರು?"

ಅವಳ ಮಾತೂ ಸುಳ್ಳಲ್ಲ. ಆದರೂ ಕಂಪ್ಯೂಟರಿನಲ್ಲಿದ್ದ, ಕೈಗಳೂ ಇದ್ದ ಇಡೀ ಪಟವನ್ನು ಅಳಿಸಲು ಮಾಮನಿಗೆ ಮನಸ್ಸು ಬರಲಿಲ್ಲ.

ಮೊನ್ನೆ ಔಷಧಿ ಅಂಗಡಿಯವನು ಮತ್ತೆ ಬಂದ. ಜೊತೆಗೆ ಹಿಂದಿನ ಬೀದಿಯ ಟೈಲರ್ ಮಗಳು. ಮುಂದಿನ ವಾರ ಅವರ ಮದುವೆ. ಮಾಮ ಕ್ಯಾಮೆರಾದ ಕಿಂಡಿಯಲ್ಲಿ ನೋಡುತ್ತಿದ್ದಂತೆ ಅವನ ಕೈ ಅವಳ ಮಣಿಕಟ್ಟಿಗೆ ಇಳಿಯಿತು. ನಗು ಎಂದು ಅವನೇ ಅವಳಿಗೆ ಹೇಳಿದ. ಅವಳು ನಕ್ಕಳು. ಹೋದ ಸಲದ ಹಾಗೇ ಎದೆಯಿಂದ ಮೇಲಕ್ಕೆ ಸಾಕು, ಸಂಜೆ ಬಂದು ಒಯ್ಯುತ್ತೇನೆ ಎಂದು ಹೇಳಿ ಅವನು ಅಂಗಡಿಗೆ ಹೊರಟ. ಮಾಮ ಹುಡುಗಿಯನ್ನು, ಐದು ನಿಮಿಷ ಕೂತಿರಮ್ಮ ಎಂದು ತಡೆದ.

ಅಂಚು ಮುಟ್ಟದೆ ಎರಡು ಪಟ ಮುದ್ರಿಸಿ ಅವಳ ಮುಂದಿಟ್ಟ.

"ಇದು ನಿಂದು. ಅದು ಅವಳದು. ಕೈ ಹಿಡಿದವನು ಅಂತೀವಲ್ಲ, ಹ್ಯಾಗೆ ಹಿಡಿದಿದಾನೆ ನೋಡು. ಅವತ್ತು ನಾನೇ ಕತ್ತರಿಸಿ ಹಾಕ್ದೆ. ತಪ್ಪು ಮಾಡ್ದೆ."

ಅವಳು ಬೆಚ್ಚಲಿಲ್ಲ. "ನಂಗೆ ಗೊತ್ತು ಮಾಮ. ಅಪ್ಪಂಗೆ ಎರಡು ಸಲ ಹೇಳ್ದೆ. ಮದುವೆ ಭಯಕ್ಕೆ ಹಾಗೆಲ್ಲ ಅನ್ಸುತ್ತೆ ಅಂದ್ರು. ನೀವು ತೋರಿಸ್ತೀರಾ?"

ಮಾಮ ಹೆಂಡತಿಗೆ ಫೋನ್ ಮಾಡಲೂ ಇಲ್ಲ. ಪಟಗಳನ್ನು ಕವರಿಗೆ ಹಾಕಿಕೊಂಡು ಷಟರ್ ಎಳೆದ. ಸಂಜೆ ಅವನು ಬಂದು ಜಗಳ ತೆಗೆದರೆ ತೆಗೆಯಲಿ ಎಂದುಕೊಂಡು ಹುಡುಗಿಯ ಜೊತೆ ಹಿಂದಿನ ಬೀದಿಗೆ ನಡೆದ.

ಟೈಲರ್ ಹೊಲಿಗೆ ಯಂತ್ರದಿಂದ ತಲೆಯೆತ್ತುವ ಮೊದಲೇ ಮಾಮ ಎರಡೂ ಪಟಗಳನ್ನು ಬಟ್ಟೆಯ ಮೇಲಿಟ್ಟು, ಹಳೆಯ ಪಟದಲ್ಲಿದ್ದವಳು ಯಾರೆಂದು ಹೇಳಿದ, ತಾನು ಏನು ಮಾಡಿದ್ದೆನೆಂದೂ ಹೇಳಿದ. ಟೈಲರ್ ಒಂದನ್ನು ನೋಡಿದ, ಇನ್ನೊಂದನ್ನು ನೋಡಿದ. ಆಮೇಲೆ ಎದ್ದು ಬಂದು, ಈಚೆಗೆ ಮಗಳು ಹಟ ಹಿಡಿದಳೆಂದು ತಾನೇ ಬೆರಳ ತನಕ ಉದ್ದವಾಗಿ ಹೊಲಿದುಕೊಟ್ಟಿದ್ದ ಅವಳ ಕುರ್ತಾದ ತೋಳನ್ನು ಮಣಿಕಟ್ಟಿನಿಂದ ಮೆಲ್ಲಗೆ ಮೇಲಕ್ಕೆ ಸರಿಸಿದ.