ಅಂಚಿನಲ್ಲಿ ಉಳಿದ ಕಪ್ಪು ಗೆರೆ

ಮೂವತ್ತೆಂಟು ವರ್ಷ ಕಟ್ಟಡಗಳ ನಕ್ಷೆ ಬರೆದು ನಿವೃತ್ತರಾದ ಅವರನ್ನು ಬೀದಿಯವರೆಲ್ಲ ಗೆರೆಮೇಷ್ಟ್ರು ಎನ್ನುತ್ತಿದ್ದರು. ಒಂದು ದಿನವೂ ಯಾರಿಗೂ ಪಾಠ ಹೇಳಿದವರಲ್ಲ. ಆದರೆ ಗೋಡೆಗೆ ಕ್ಯಾಲೆಂಡರ್ ತೂಗುಹಾಕುವುದಕ್ಕೂ ಸ್ಕೇಲು ಹುಡುಕುವವರನ್ನು ಮತ್ತೇನೆಂದು ಕರೆಯಬೇಕು? ಇಂಥ ಮನುಷ್ಯ ಒಂದೇ ಒಂದು ಕೆಲಸವನ್ನು ಅಂದಾಜಿನ ಮೇಲೆ ಮಾಡುತ್ತಿದ್ದರು. ಅದು ಹೆಂಡತಿಯ ಚಾಕು ಹರಿತ ಮಾಡುವುದು. ಪಿಂಗಾಣಿಯ ಟೀ ಕಪ್ ಬೋರಲು ಹಾಕಿ, ಅದರ ತಳಕ್ಕೆ ಚಾಕುವನ್ನು ನಾಲ್ಕು ಸಲ ಹೀಗೆ, ನಾಲ್ಕು ಸಲ ಹಾಗೆ ಉಜ್ಜಿ, "ಆಯ್ತು, ತಗೋ" ಎಂದುಬಿಡುತ್ತಿದ್ದರು.

ಆ ಚಾಕುವಿನಿಂದಲೇ ಹೆಂಡತಿ ಹದಿನಾರು ವರ್ಷದಿಂದ ಸುತ್ತಲಿನ ಕಚೇರಿಗಳ ನಲವತ್ತು ಜನಕ್ಕೆ ಮಧ್ಯಾಹ್ನದ ಊಟ ಮಾಡಿ ಕಳಿಸುತ್ತಿದ್ದಳು. ಈಗ ಬಲಗೈ ಮಣಿಕಟ್ಟು ಊದಿಕೊಂಡಿತ್ತು. ಒತ್ತಿ ಹೆಚ್ಚುವ ಕೆಲಸ ಬಿಡಬೇಕು ಎಂದು ಡಾಕ್ಟರು ಹೇಳಿ ಮೂರು ವಾರವಾಗಿತ್ತು. ಶನಿವಾರ ಮಧ್ಯಾಹ್ನ ವಾಪಸು ಬಂದ ಡಬ್ಬಿಗಳನ್ನು ತೊಳೆದು ಬೋರಲು ಹಾಕಿ ಅವಳು ಹೇಳಿದಳು:

"ರೀ, ನಾಳೆ ಸಂಜೆ ಎಲ್ಲರಿಗೂ ಫೋನ್ ಮಾಡಿ ಹೇಳಿಬಿಡ್ತೀನಿ. ಸೋಮವಾರದಿಂದ ಊಟಕ್ಕೆ ಬೇರೆ ಕಡೆ ನೋಡ್ಕೊಳ್ಳಲಿ. ನನ್ನ ಕೈ ಕಥೆ ಮುಗೀತು."

ಹೇಳುವಾಗ ಅಳಲಿಲ್ಲ. ಒರೆಸಿದ ಕಟ್ಟೆಯನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು. ಗೆರೆಮೇಷ್ಟ್ರಿಗೆ ಸಮಾಧಾನದ ಮಾತು ಬರುವುದಿಲ್ಲ. ಏನು ಮಾಡಲೂ ತೋಚದೆ, ಬುಟ್ಟಿಯಲ್ಲಿ ಉಳಿದಿದ್ದ ಒಂದು ಟೊಮೇಟೊ ಎತ್ತಿಕೊಂಡು ಹೆಚ್ಚಲು ಹೋದರು. ಚಾಕು ಜಾರಿತು. ಒತ್ತಿದರು. ಟೊಮೇಟೊ ತಗ್ಗಾಯಿತೇ ಹೊರತು ಹೋಳಾಗಲಿಲ್ಲ. ಇನ್ನಷ್ಟು ಒತ್ತಿದಾಗ ರಸ ಅಂಗಿಗೆ ಹಾರಿತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೋಡಿದರೆ ನೆಲವೇ ಡೊಂಕು, ಪಾಪ ಇವಳು ತನ್ನ ಕಾಲನ್ನು ಬೈದುಕೊಳ್ಳುತ್ತಿದ್ದಳು. ಆ ನೆಲ ಹಾಕಿದವರು ಯಾರೆಂದು ಹೊಳೆದಾಗ ಗೆರೆಮೇಷ್ಟ್ರಿಗೆ ತುಂಬ ನಾಚಿಕೆಯಾಯಿತು.

"ನಾಳೆ ಸಂಜೆವರೆಗೂ ಯಾರಿಗೂ ಫೋನ್ ಮಾಡ್ಬೇಡ ಕಣೇ" ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿ ಹೊರಟರು.

ಹಾರ್ಡ್‌ವೇರ್ ಅಂಗಡಿಯ ಯಜಮಾನಿ ಅವರ ಮಾತು ಪೂರ್ತಿ ಕೇಳಿಸಿಕೊಂಡು, ಚಾಕು ಹರಿತ ಮಾಡುವ ಮೂರು ಸಾಮಾನು ತಂದು ಮುಂದಿಟ್ಟರು.

"ನನಗೆ ಇದರ ಗಂಧಗಾಳಿ ಗೊತ್ತಿಲ್ಲಮ್ಮ" ಎಂದರು ಗೆರೆಮೇಷ್ಟ್ರು.

"ಗೊತ್ತಿಲ್ಲದವರಿಗೇ ಇವೆಲ್ಲ ಮಾಡಿರೋದು. ಇದು ನೋಡಿ, ಈ ಸೀಳಲ್ಲಿ ಚಾಕು ಎಳೆಯೋದು. ಕಣ್ಮುಚ್ಚಿ ಎಳೆದರೂ ಆಗುತ್ತೆ, ಆದರೆ ಚಾಕುನೇ ತಿಂದುಹಾಕುತ್ತೆ. ಇದರಲ್ಲಿ ಚಾಕು ಅಯಸ್ಕಾಂತಕ್ಕೆ ಅಂಟಿಕೊಂಡಿರುತ್ತೆ, ನೀವು ಪಕ್ಕದಲ್ಲಿ ಈ ಉರುಳೆ ಉರುಳಿಸ್ತಾ ಇದ್ದರಾಯ್ತು. ಸುಲಭ, ಆದರೆ ಉಜ್ಜೋಕೆ ಇರೋದು ಎರಡೇ ಕೋನ. ಈ ಮೂರನೇದರಲ್ಲಿ ಚಾಕುನ ಬಿಗಿದು ನಿಲ್ಲಿಸಿ, ಕಂಬಿಗೆ ಸಿಕ್ಕಿಸಿದ ಕಲ್ಲನ್ನ ಹಿಂದೆ ಮುಂದೆ ಆಡಿಸಬೇಕು. ನೀವಿಟ್ಟ ಕೋನ ಇಟ್ಟಲ್ಲೇ ಇರುತ್ತೆ. ಕೈ ನಡುಗಿದರೂ ಕಲ್ಲು ದಾರಿ ತಪ್ಪಲ್ಲ. ತಾಳ್ಮೆ ಬೇಕು ಅಷ್ಟೇ."

ಮೂರನೆಯದರ ಮೇಲೆ ಹದಿನೈದರಿಂದ ಮೂವತ್ತರವರೆಗೆ ಡಿಗ್ರಿ ಕೊರೆದಿತ್ತು. ಅದನ್ನು ಕಂಡದ್ದೇ ತಡ, ಗೆರೆಮೇಷ್ಟ್ರು ಉಳಿದೆರಡನ್ನು ತಿರುಗಿಯೂ ನೋಡಲಿಲ್ಲ.

"ಮೊದಲು ಯಾವುದಾದ್ರೂ ಹಳೇ ಚಾಕು ಮೇಲೆ ಕೈ ಪಳಗಿಸಿ" ಎಂದು ಯಜಮಾನಿ ಎರಡು ಸಲ ಹೇಳಿದರು. ಇವರು ಎರಡು ಸಲವೂ ಹೂಂ ಎಂದರು.

ಭಾನುವಾರ ಬೆಳಗ್ಗೆ ಮೇಜಿನ ಮೇಲೆ ಪೇಪರ್ ಹಾಸಿ, ನೇರವಾಗಿ ದೊಡ್ಡ ಚಾಕುವನ್ನೇ ಬಿಗಿದರು. ಅದು ಹೆಂಡತಿ ಮೊದಲ ಊಟದ ಡಬ್ಬಿ ಕಳಿಸುವ ಹಿಂದಿನ ದಿನ ತಾನೇ ಆರಿಸಿ ತಂದ ಚಾಕು. ಭೂತಗನ್ನಡಿ ಹಿಡಿದು ಅದರ ಅಂಚಿನ ಇಳಿಜಾರು ಅಳೆದರೆ ಹದಿನೈದು ಡಿಗ್ರಿ ಬಂತು. ಕಲ್ಲನ್ನೂ ಹದಿನೈದಕ್ಕೆ ಇಟ್ಟರು. ಜೊತೆಗೆ ಬಂದ ಚೀಟಿಯಲ್ಲಿ ಪ್ರತಿ ಮಗ್ಗುಲಿಗೆ ಐವತ್ತು ಸಲ ಎಂದಿತ್ತು. ಆ ಮಗ್ಗುಲಿಗೆ ಐವತ್ತು, ಈ ಮಗ್ಗುಲಿಗೆ ಐವತ್ತು. ಐವತ್ತೊಂದನೆಯದು ಅಪಚಾರ ಎನ್ನುವಂತೆ ಕೈ ತೆಗೆದರು. ಮನುಷ್ಯ ತಪ್ಪಬಹುದು, ಅಚ್ಚಾದ ಸಂಖ್ಯೆ ತಪ್ಪುವುದುಂಟೇ!

ಟೊಮೇಟೊ ಮೇಲಿಟ್ಟರೆ ಚಾಕು ನಿನ್ನೆಯಂತೆಯೇ ಜಾರಿತು. ಸಾಲದ್ದಕ್ಕೆ ಎರಡೂ ಮಗ್ಗುಲಲ್ಲಿ ಗೀರು ಬಿದ್ದು ಮೈಯೆಲ್ಲ ಕೆರೆದುಕೊಂಡಂತೆ ಕಾಣುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಅದನ್ನು ನೋಡಿದಳು.

"ಇರಲಿ ಬಿಡಿ. ಇನ್ನು ಅದಕ್ಕೇನು ಕೆಲಸ" ಎಂದು ಒಳಗೆ ಹೋದಳು.

ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಗೆರೆಮೇಷ್ಟ್ರು ಅಂಗಡಿಗೆ ಫೋನ್ ಹಚ್ಚಿದರು.

"ಹಾಳು ಮಾಡಿಬಿಟ್ಟೆ ಕಣಮ್ಮ. ಇದ್ದದ್ದೇ ಒಂದು ಒಳ್ಳೇ ಚಾಕು."

"ಹಳೇದರ ಮೇಲೆ ಮಾಡಿ ಅಂದಿದ್ದೆ."

"ಅಂದಿದ್ರಿ."

"ಹೋಗಲಿ. ಮನೇಲಿ ಇಂಕು ಇದೆಯಾ?"

ಮೂವತ್ತೆಂಟು ವರ್ಷ ಇಂಕಿನಲ್ಲೇ ಅನ್ನ ಉಂಡವರನ್ನು ಕೇಳುವ ಪ್ರಶ್ನೆಯೇ ಇದು! ಯಜಮಾನಿ ಹೇಳಿದಂತೆ ಚಾಕುವಿನ ಅಂಚಿಗೆ ಕಪ್ಪು ಇಂಕು ಬಳಿದರು. ಒಣಗಿದ ಮೇಲೆ ನಾಲ್ಕು ಸಲ ಕಲ್ಲು ಆಡಿಸಿ ಭೂತಗನ್ನಡಿಯಲ್ಲಿ ನೋಡಿದರು. ಇಳಿಜಾರಿನ ಮೇಲೆ ಇಂಕು ಅಳಿಸಿಹೋಗಿತ್ತು. ತುತ್ತತುದಿಯಲ್ಲಿ ಮಾತ್ರ, ಬುಡದಿಂದ ಮೊನೆಯವರೆಗೂ, ಕೂದಲೆಳೆಯಷ್ಟು ಕಪ್ಪು ಗೆರೆ ಉಳಿದಿತ್ತು. ಮತ್ತೆ ಫೋನ್ ಮಾಡಿ ಅದನ್ನೇ ಹೇಳಿದರು.

"ಅಷ್ಟೇ ವಿಷಯ" ಎಂದರು ಯಜಮಾನಿ. "ಕಲ್ಲು ತುದಿನ ಮುಟ್ಟೇ ಇಲ್ಲ. ಇಷ್ಟು ವರ್ಷ ಯಾರೋ ಕಂಡಕಂಡದ್ದಕ್ಕೆ ಉಜ್ಜಿ ತುದಿನ ದುಂಡಗೆ ಮಾಡಿದ್ದಾರೆ. ಆ ದುಂಡು ಸವೀಬೇಕು. ಚಾಕುಗೆ ಏನೂ ಆಗಿಲ್ಲ."

ಆ 'ಯಾರೋ' ಎಂಬುದನ್ನು ಗೆರೆಮೇಷ್ಟ್ರು ಕಹಿಗುಳಿಗೆಯಂತೆ ನುಂಗಿಕೊಂಡರು. ಆದರೆ ಕೊನೆಯ ಮಾತಿಗೆ ಹೋದ ಜೀವ ಬಂದಂತಾಯಿತು. ಏನೂ ಆಗಿಲ್ಲವಂತೆ!

"ಹಾಗಾದ್ರೆ ಇನ್ನು ಎಷ್ಟು ಸಲ ಉಜ್ಜಲಿ?"

"ಲೆಕ್ಕ ಬಿಡ್ರಿ ಯಜಮಾನ್ರೇ! ಆ ಗೆರೆ ಹೋಗಿ, ಆಚೆ ಮಗ್ಗುಲಲ್ಲಿ ಬೆರಳಿಗೆ ಸಣ್ಣ ತರಿ ಸಿಗೋವರೆಗೂ ಉಜ್ಜಿ. ಆಮೇಲೆ ಈಚೆ ಮಗ್ಗುಲಿಗೂ ಹಾಗೇ. ಕೊನೆಗೆ ನಯವಾದ ಕಲ್ಲಲ್ಲಿ ಮೆತ್ತಗೆ ಆಡಿಸಿ ಆ ತರಿ ತೆಗೀರಿ."

ಬದುಕೆಲ್ಲ ಗೆರೆ ಎಳೆದವರು ಗೆರೆ ಅಳಿಸಲು ಕೂತರು. ಮೊದಮೊದಲು ಬಾಯಿ ತಾನಾಗಿಯೇ ಒಂದು, ಎರಡು ಎನ್ನುತ್ತಿತ್ತು; ಇಪ್ಪತ್ತರ ಹೊತ್ತಿಗೆ ಬಾಯನ್ನು ಗದರಿಸಿ ಸುಮ್ಮನಾಗಿಸಿದರು. ಮತ್ತೆ ಇಂಕು ಬಳಿದರು, ಉಜ್ಜಿದರು, ನೋಡಿದರು. ಗೆರೆ ಅಲ್ಲಲ್ಲಿ ತುಂಡಾಯಿತು. ಊಟಕ್ಕೆ ಕರೆದರೂ ಏಳಲಿಲ್ಲ. ಮೂರು ಗಂಟೆಯ ಹೊತ್ತಿಗೆ ಗೆರೆ ಪೂರ್ತಿ ಹೋಗಿ, ಆಚೆ ಮಗ್ಗುಲಲ್ಲಿ ಬೆಕ್ಕಿನ ನಾಲಗೆಯಂಥ ತರಿ ಬೆರಳಿಗೆ ಸಿಕ್ಕಿತು. ಅವರಿಗೆ ಎದ್ದು ಕುಣಿಯಬೇಕೆನಿಸಿತು. ಕುಣಿಯದೆ, ಇನ್ನೊಂದು ಮಗ್ಗುಲನ್ನೂ ಮುಗಿಸಿ, ನಯಗಲ್ಲು ಆಡಿಸಿ, ಚಾಕು ತೊಳೆದು ಒರೆಸಿ ಹೆಂಡತಿಯನ್ನು ಕರೆದರು.

"ಬಾರೇ ಇಲ್ಲಿ. ಒತ್ತಬೇಡ. ಸುಮ್ಮನೆ ಮೇಲಿಟ್ಟು ಎಳಿ."

ಅವಳು ಮನಸ್ಸಿಲ್ಲದ ಮನಸ್ಸಿನಿಂದ ಟೊಮೇಟೊ ಮೇಲೆ ಚಾಕು ಇಟ್ಟು ಎಳೆದಳು. ತೆಳ್ಳನೆಯ ಬಿಲ್ಲೆಯೊಂದು ಮಣೆಯ ಮೇಲೆ ಮಗುಚಿ ಬಿತ್ತು. ಇನ್ನೊಂದು ಕೊಯ್ದಳು. ಮತ್ತೊಂದು. ಆಮೇಲೆ ಚಾಕು ಕೆಳಗಿಟ್ಟು ತನ್ನ ಮಣಿಕಟ್ಟನ್ನೇ ನೋಡಿಕೊಂಡಳು.

"ನೋವೇ ಆಗಲಿಲ್ಲ ರೀ."

"ನಿನ್ನ ಕೈ ಕಥೆ ಮುಗಿದಿರಲಿಲ್ಲ ಕಣೇ. ಚಾಕು ಮೊಂಡಾಗಿತ್ತು. ಮೊಂಡು ಮಾಡಿದವನು ನಾನು. ತಪ್ಪಾಯ್ತು."

ಅವಳು ನಂಬರುಗಳ ಪುಸ್ತಕವನ್ನೂ ಫೋನನ್ನೂ ಎತ್ತಿಕೊಂಡು ಹೊರಗಿನ ಕೋಣೆಗೆ ಹೋದಳು. ಗೆರೆಮೇಷ್ಟ್ರು ಹಿಂದೆಯೇ ಬಾಗಿಲವರೆಗೆ ಹೋದರು. ಒಂದು ಚಾಕು ಹರಿತವಾದ ಮಾತ್ರಕ್ಕೆ ಮೂರು ವಾರ ಯೋಚಿಸಿ ಮಾಡಿದ ತೀರ್ಮಾನ ಬದಲಾದೀತೇ? ನಲವತ್ತು ಜನಕ್ಕೂ ಹೇಳಿಬಿಡುತ್ತಾಳೆ ಎಂದುಕೊಂಡು ಗೋಡೆಗೆ ಒರಗಿ ಕಿವಿಗೊಟ್ಟರು.

"ಹಲೋ, ತರಕಾರಿಯವರಾ? ನಾಳೆಗೆ ಎಂದಿನಷ್ಟೇ ಕಳಿಸಿ. ಹೂಂ, ಬೆಳಗ್ಗೆ ಆರಕ್ಕೇ. ಈರುಳ್ಳಿ ಮಾತ್ರ ಸ್ವಲ್ಪ ಜಾಸ್ತಿ ಇರಲಿ. ನನ್ನ ಕೈಯಾ? ಡಾಕ್ಟರು ಹುಷಾರಾಗಿರಿ ಅಂದಿದ್ದಾರೆ, ಇರ್ತೀನಿ. ಇನ್ನು ಮೇಲೆ ಈರುಳ್ಳಿ ಹೆಚ್ಚೋದು ನಮ್ಮ ಮನೆಯವರು."

ಗೆರೆಮೇಷ್ಟ್ರು ಅಲ್ಲೇ ಕುರ್ಚಿಯ ಮೇಲೆ ಕುಸಿದು ಕೂತರು. ಈರುಳ್ಳಿ ಬರುವುದು ನಾಳೆ ಬೆಳಗ್ಗೆ. ಕಣ್ಣಲ್ಲಿ ನೀರು ಆಗಲೇ ಬಂದಿತ್ತು.